ದೂರವೂ ಗುರಿಯೂ

ಅಶೋಕಪುರದಲ್ಲಿ ರೈಲು ಹತ್ತಿದವರು ಮೈಸೂರನ್ನು ದಾಟಿದ ಸ್ವಲ್ಪ ಹೊತ್ತಿಗೇ ಶ್ರೀರಂಗಪಟ್ಟಣವನ್ನು ಕಾಣುತ್ತಾರೆ. ದೂರಕ್ಕೆ ಹೊಡೆಯುವ ಆಯುಧದ ಕಥೆಯನ್ನು ನಮ್ಮ ನಾಡಿನಲ್ಲಿ ಅಲ್ಲಿಂದಲೇ ಆರಂಭಿಸಬಹುದು. ಹೈದರ್, ಟಿಪ್ಪುವಿನ ಸೈನಿಕರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೆ ಬಿಗಿದು ಹಾರಿಸುತ್ತಿದ್ದ ರಾಕೆಟ್ಟುಗಳು ಒಂದು ಕಿಲೋಮೀಟರಿನಾಚೆಗೂ ಹೋಗುತ್ತಿದ್ದುವು. 1780ರ ಪೊಳ್ಳಿಲೂರು ಕದನದಲ್ಲಿ ಅವು ಇಂಗ್ಲಿಷರನ್ನು ಕಂಗೆಡಿಸಿದುವು. ಆದರೆ ದಂಡಿನ ನಡುವೆ ಬೀಳುವ ರಾಕೆಟ್ಟು ಒಬ್ಬನನ್ನೇ ಗುರುತಿಸಿ ತಾಕಲಾರದು.

ಆ ಕೊರತೆಯನ್ನು ನೀಗಿದುದು ರೈಫಲ್ಲು. ಅದರ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ತಿರುಗಿಸಿ, ದಾರಿ ತಪ್ಪದಂತೆ ಕಾಯುತ್ತವೆ. ಅನಂತರ ಬಂದುದು ವೇಗ. ಅರೆ ಸ್ವಯಂಚಾಲಿತ ರೈಫಲ್ಲುಗಳಲ್ಲಿ ಹಲವು, ಸಿಡಿದ ಮದ್ದಿನ ಅನಿಲದಿಂದಲೇ ಖಾಲಿ ತೋಟಾವನ್ನು ಹೊರದೂಡಿ ಮುಂದಿನದನ್ನು ಒಳಗೆ ಸೇರಿಸಿಕೊಳ್ಳುತ್ತವೆ. 1963ರಲ್ಲಿ ಸೋವಿಯತ್ ಸೇನೆ ಅಂಗೀಕರಿಸಿದ, ಮುಂದೆ ಭಾರತದ ಸೇನೆಯೂ ಬಳಸಿದ ಡ್ರಾಗುನೋವ್ ಈ ಬಗೆಯದು. ಅದರ ಮ್ಯಾಗಜೀನಿನಲ್ಲಿ 10 ತೋಟಾಗಳು.

ಇಲ್ಲಿ ಆಯ್ಕೆಯ ಪ್ರಶ್ನೆ ಏಳುತ್ತದೆ. ಎರಡನೆಯ ಗುಂಡು ತಕ್ಷಣ ಬೇಕಾದಲ್ಲಿ ಅರೆ ಸ್ವಯಂಚಾಲಿತವೇ ಲೇಸು. ಆದರೆ ಗುಂಡು ಹೊರಡುವಾಗ ಒಳಗೆ ಚಲಿಸುವ ಭಾಗಗಳು ಹೆಚ್ಚಿದಷ್ಟೂ ಗುರಿ ಕದಲುವ ಸಂಭವವೂ ಹೆಚ್ಚು. ಆದ್ದರಿಂದಲೇ ಅತಿದೂರದ ಗುರಿಗೆ, ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲನ್ನೇ ಬಲ್ಲವರು ಸಾಮಾನ್ಯವಾಗಿ ನೆಚ್ಚುತ್ತಾರೆ.

ಕೊಡಗಿನಲ್ಲಿ ಕೈಲ್ ಪೊಳ್ದಿನ ದಿನ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ನೆರೆದವರೆಲ್ಲ ನೋಡುವುದು ಮೊದಲ ಗುಂಡನ್ನು. ಕೋವಿಯನ್ನು ಆರಿಸುವವನೂ ಅದನ್ನೇ ಮೊದಲು ನೆನೆಯಬೇಕು. ಏಕೆಂದರೆ ಒಮ್ಮೆ ಹೊರಟ ಗುಂಡನ್ನು ಯಾವ ಯಂತ್ರವೂ ಹಿಂದಕ್ಕೆ ಕರೆಯಲಾರದು.