ಮನೆಯ ತಂಪು: ತೊಟ್ಟಿಯಿಂದ ತಂತಿಯವರೆಗೆ

ಹಳೆಯ ಮೈಸೂರು ಸೀಮೆಯಲ್ಲಿ ಮನೆಯನ್ನು ತಂಪಾಗಿಡುತ್ತಿದ್ದುದು ದಪ್ಪ ಮಣ್ಣಿನ ಗೋಡೆ, ನಾಡಹೆಂಚು ಹಾಗೂ ನಡುವೆ ಆಕಾಶಕ್ಕೆ ತೆರೆದ ಅಂಗಳವುಳ್ಳ ತೊಟ್ಟಿಮನೆಯ ವಿನ್ಯಾಸ. ಬಿಸಿಗಾಳಿ ತೊಟ್ಟಿಯ ಮೂಲಕ ಮೇಲೇರಿದಂತೆ ಹೊರಗಿನ ಗಾಳಿ ಬಾಗಿಲಿನಿಂದ ಒಳಸೇರುತ್ತಿತ್ತು. ಯಂತ್ರದ ತಂಪಿಗೆ ಬೇಕಾದ ವಿದ್ಯುತ್ತು ಈ ಸೀಮೆಗೆ ಬಂದದ್ದು ಆಮೇಲೆ: ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ಜಲವಿದ್ಯುತ್ ಮೊದಲು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ತಲುಪಿತು. ಅದೇ 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಮುದ್ರಣಾಲಯವೊಂದರ ತೇವಾಂಶವನ್ನು ಹತೋಟಿಗೆ ತರಲು ಆಧುನಿಕ ಹವಾನಿಯಂತ್ರಣವನ್ನು ರೂಪಿಸಿದನು. ಆ ಪರಂಪರೆಯ ಏರ್ ಹ್ಯಾಂಡ್ಲರ್, ಅಂದರೆ ಗಾಳಿಯನ್ನು ಸೋಸಿ, ತಂಪು ಇಲ್ಲವೇ ಬಿಸಿ ಸುರುಳಿಯ ಮೇಲೆ ಹಾಯಿಸಿ, ಕೊಳವೆಗಳ ಮೂಲಕ ಕೋಣೆಗಳಿಗೆ ಹಂಚುವ ಪೆಟ್ಟಿಗೆ, ಪ್ರತ್ಯೇಕ ವೈರಿಂಗ್, ಎಂಸಿಬಿ (ವಿದ್ಯುತ್ ಮಿತಿಮೀರಿ ಹರಿದಾಗ ತಾನಾಗಿಯೇ ಕಡಿತಗೊಳಿಸುವ ಸ್ವಿಚ್) ಮತ್ತು ಅರ್ಥಿಂಗನ್ನು ಬೇಡುತ್ತದೆ. ಆದರೂ ನೆರಳು, ಗಾಳಿಯಾಟಗಳನ್ನು ಲೆಕ್ಕಿಸಿ ಕಟ್ಟಿದ ಮನೆಯಲ್ಲಿ ಈ ಯಂತ್ರಕ್ಕೆ ತಗಲುವ ವಿದ್ಯುತ್ತು ಕಡಿಮೆ.