ಶಾಸನದ ಅಚ್ಚು, ಕೋಡಿನ ಅಚ್ಚು

ಹಾವೇರಿ ಸೀಮೆಯ ಹನ್ನೊಂದರಿಂದ ಹದಿಮೂರನೆಯ ಶತಮಾನದ ದಾನಶಾಸನಗಳನ್ನು ಸಾಲಾಗಿ ಓದುತ್ತ ಹೋದರೆ ಅವುಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ ಎಂಬುದು ಬೇಗನೆ ತಿಳಿಯುತ್ತದೆ. ಮೊದಲು ಸ್ತುತಿ, ಆಮೇಲೆ ಅರಸನ ಬಿರುದುಗಳು, ಅವನ ಕೈಕೆಳಗಿನ ಸಾಮಂತ, ಕಾಲ, ದಾನ, ಭೂಮಿಯ ಎಲ್ಲೆ, ಕೊನೆಗೆ ಶಾಪ. ವೆಬ್ ತಂತ್ರಾಂಶ ಬರೆದು ಬದುಕುವ ನನಗೆ ಈ ಕಟ್ಟು ಪರಿಚಿತ. ನಾವೂ ಇಂಥ ಅಚ್ಚುಗಳನ್ನು ಮಾಡಿಕೊಂಡಿದ್ದೇವೆ. ಕೋಡ್ ಜನರೇಟರ್ ಎನ್ನುತ್ತೇವೆ.

ಯಂತ್ರದಿಂದಲೇ ಪ್ರೋಗ್ರಾಂ ಬರೆಸುವ ಯೋಚನೆ ಹಳೆಯದು. 1950ರ ದಶಕದ ಆರಂಭದಲ್ಲೇ ಬೆಟ್ಟಿ ಹೋಲ್ಬರ್ಟನ್ ಯೂನಿವ್ಯಾಕ್ ಗಣಕಕ್ಕಾಗಿ ವಿಂಗಡಣೆಯ ಪ್ರೋಗ್ರಾಂಗಳನ್ನು ಬರೆದುಕೊಡುವ ಜನರೇಟರ್ ರೂಪಿಸಿದ್ದರು. 2004ರಲ್ಲಿ ಬಂದ ರೂಬಿ ಆನ್ ರೈಲ್ಸ್ ಅದನ್ನು ವೆಬ್ ಕೆಲಸದ ದಿನಬಳಕೆಗೆ ತಂದಿತು. 2010ರ ಮೂರನೆಯ ಆವೃತ್ತಿಯಿಂದ ಅದಕ್ಕೆ ಥಾರ್ ಎಂಬ ಸಲಕರಣೆ ಆಧಾರ. ನಮ್ಮದೇ ಜನರೇಟರ್ ಬರೆಯುವುದೆಂದರೆ, ಪದೇ ಪದೇ ಬೇಕಾಗುವ ಕಡತವನ್ನು ಅಚ್ಚಾಗಿಟ್ಟು ಬದಲಾಗುವ ಜಾಗಗಳನ್ನು ಖಾಲಿ ಬಿಡುವುದು. ಓಡಿಸಿದಾಗ ಅದು ‘ಹೆಸರೇನು?’, ‘ಲಾಗಿನ್ ಬೇಕೇ?’ ಎಂದು ಕೇಳುತ್ತದೆ. ಉತ್ತರವನ್ನು ಪರೀಕ್ಷಿಸಿ ಕಡತ ಬರೆಯುತ್ತದೆ.

ಶಾಸನದಲ್ಲೂ ಅಂಥ ಜಾಗಗಳಿವೆ. ‘ಪುರವರಾಧೀಶ್ವರ’ ಎಂಬ ಬಿರುದನ್ನೇ ನೋಡಿ. ಅದರ ಮುಂದೆ ಹಾನಗಲ್ಲಿನ ಕದಂಬರು ಬನವಾಸಿ ಎಂದು ತುಂಬಿದರು, ಸವದತ್ತಿಯ ರಟ್ಟರು ಲತ್ತಲೂರು ಎಂದು, ಗುತ್ತಲದ ಗುತ್ತರು ಉಜ್ಜಯಿನಿ ಎಂದು. ತುಂಗಭದ್ರೆಯ ದಂಡೆಯ ಗುತ್ತರು ಉಜ್ಜಯಿನಿಯನ್ನು ಆಳಿದವರಲ್ಲ. ಗುಪ್ತರ ವಂಶದವರೆಂದು ಹೇಳಿಕೊಂಡವರು. ಅಚ್ಚು ಕೇಳಿದ್ದು ಊರಿನ ಹೆಸರನ್ನು, ಸಾಕ್ಷಿಯನ್ನಲ್ಲ.

ಕಾಲದ ಮಾತು ಬೇರೆ. ಶಕವರ್ಷ, ಸಂವತ್ಸರ, ತಿಥಿ, ವಾರ ಒಂದನ್ನೊಂದು ಕಾಯುತ್ತವೆ. ಒಂದು ತಪ್ಪಿದರೂ ಇಂದು ಪಂಚಾಂಗದ ಲೆಕ್ಕ ಹಾಕುವವರ ಕೈಗೆ ಸಿಕ್ಕಿಬೀಳುತ್ತದೆ. ಪರೀಕ್ಷೆಯಿರುವ ಪ್ರಶ್ನೆಗೂ ಇಲ್ಲದ ಪ್ರಶ್ನೆಗೂ ಇರುವ ಅಂತರ ಇದು.

ಆದ್ದರಿಂದ ಶಾಸನ ಓದುವ ವಿದ್ಯಾರ್ಥಿಗಳು ಅಚ್ಚಿನ ಮಾತನ್ನೂ ತುಂಬಿದ ಮಾತನ್ನೂ ಬೇರ್ಪಡಿಸಬೇಕು. ಬಿರುದಿನ ಸಾಲುಗಳಿಗಿಂತ, ಎಷ್ಟು ಮತ್ತರು ಭೂಮಿ, ಯಾವ ಕೆರೆಯ ಕೆಳಗೆ, ಯಾವ ಹಳ್ಳದ ಪಕ್ಕ ಎಂಬ ವಿವರಗಳಲ್ಲೇ ಆ ಊರಿನ ಬದುಕು ಹೆಚ್ಚಾಗಿ ಉಳಿದಿದೆ.

ಅದಕ್ಕಿಂತ ಮುಖ್ಯವಾದದ್ದು ಅಚ್ಚು ಕೇಳದೇ ಬಿಟ್ಟ ಪ್ರಶ್ನೆ. ಕೊಟ್ಟವರಾರು, ಪಡೆದವರಾರು ಎಂದು ಅದು ಕೇಳಿತು. ಆ ಹೊಲ ಉತ್ತವರಾರು ಎಂದು ಸಾಮಾನ್ಯವಾಗಿ ಕೇಳಲಿಲ್ಲ. ಅವರ ಹೆಸರು ಕಲ್ಲಿಗೇರಿದ್ದು ಅಪರೂಪ. ಇಂದು ಪಿಂಚಣಿಗೋ ಪಡಿತರಕ್ಕೋ ಒಂದು ಅರ್ಜಿಯ ಪುಟ ಹುಟ್ಟಿಸುವ ಜನರೇಟರ್ ಬರೆಯುವವರೂ ಇದೇ ಅಧಿಕಾರವನ್ನು ಕೈಯಲ್ಲಿ ಹಿಡಿದಿರುತ್ತಾರೆ. ಅಚ್ಚಿನಲ್ಲಿ ಜಾಗವಿಲ್ಲದವರು ದಾಖಲೆಯಲ್ಲೂ ಇರುವುದಿಲ್ಲ.