ಶ್ರಮಬಿಂದು ಸಾಗರ: ಮಾತುಕತೆಯಿಂದ ಎದ್ದ ಒಡ್ಡು

ತೇರದಾಳ, ರಬಕವಿ, ಬನಹಟ್ಟಿ, ಜಮಖಂಡಿ ಎಂದಾಗ ನಮಗೆ ಥಟ್ಟನೆ ನೆನಪಾಗುವುದು ಸೀರೆ ನೇಯುವ ಮಗ್ಗ ಮತ್ತು ಕಬ್ಬು. ಮಗ್ಗದ ಇತಿಹಾಸ ಹಳೆಯದು. ಈಗ ಕಾಣುವ ಕಬ್ಬಿನ ವಿಸ್ತಾರ ಅಷ್ಟು ಹಳೆಯದಲ್ಲ. ಕೃಷ್ಣಾ ನದಿ ಪಕ್ಕದಲ್ಲೇ ಇದ್ದರೂ ಬೇಸಿಗೆ ಬಂತೆಂದರೆ ಪಾತ್ರದಲ್ಲಿ ಮರಳು ಮಾತ್ರ ಉಳಿಯುತ್ತಿತ್ತು. ದಂಡೆಯ ಪಂಪ್‌ಸೆಟ್‌ಗಳು ಸುಮ್ಮನಾಗುತ್ತಿದ್ದವು. ಸಾಲ ಮಾಡಿ ಪೈಪು ಹಾಕಿದವನ ಬೆಳೆ ಅವನ ಕಣ್ಣೆದುರೇ ಒಣಗುತ್ತಿತ್ತು.

ಸರಕಾರದ ಬಳಿ ಯೋಜನೆಗಳು ಇರಲಿಲ್ಲವೆಂದಲ್ಲ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಮೇಲ್ಭಾಗದ ಹಿಪ್ಪರಗಿ ಬ್ಯಾರೇಜಿನ ಕೆಲಸ 1970ರ ದಶಕದಲ್ಲಿ ಶುರುವಾಯಿತು; ಅಲ್ಲಿ ನೀರು ನಿಲ್ಲಲು ಮುಂದಿನ ಶತಮಾನವೇ ಬರಬೇಕಾಯಿತು. ಮನವಿಪತ್ರಗಳು ಬೆಂಗಳೂರಿಗೆ ಹೋಗುತ್ತಿದ್ದವು, ಭರವಸೆಗಳು ತಿರುಗಿ ಬರುತ್ತಿದ್ದವು.

ಇಂಥ ಹೊತ್ತಿನಲ್ಲಿ ಜಮಖಂಡಿ ತಾಲೂಕಿನ ರೈತರು ಕೃಷ್ಣಾ ತೀರ ರೈತ ಸಂಘದ ಹೆಸರಿನಲ್ಲಿ ಒಂದುಗೂಡಿದರು. ಮುಂದಾಳತ್ವ ಸಿದ್ದು ನ್ಯಾಮಗೌಡ ಅವರದು. ಚಿಕ್ಕಪಡಸಲಗಿಯ ಬಳಿ ನದಿಗೆ ತಾವೇ ಅಡ್ಡಗಟ್ಟೆ ಕಟ್ಟುವುದೆಂಬ ಮಾತು ಎದ್ದಾಗ ನಕ್ಕವರೇ ಹೆಚ್ಚಿರಬೇಕು. ಕೃಷ್ಣೆಯೆಂದರೆ ಹಳ್ಳವಲ್ಲವಲ್ಲ! ಆದರೂ 1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ಸರಕಾರದ ಹಣಕ್ಕೆ ಕಾಯದೆ, ರೈತರ ವಂತಿಗೆ ಮತ್ತು ಶ್ರಮದಾನದಿಂದ, ಹೆಚ್ಚುಕಡಿಮೆ ಒಂದು ಕೋಟಿ ರೂಪಾಯಿಯಲ್ಲಿ. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಿಟ್ಟರು. ಬೆವರಿನ ಹನಿಗೆ ಇದಕ್ಕಿಂತ ದೊಡ್ಡ ಗೌರವ ನಮಗೆ ಗೊತ್ತಿಲ್ಲ.

ಕಲ್ಲು, ಸಿಮೆಂಟಿನ ಲೆಕ್ಕಕ್ಕಿಂತ ನಮ್ಮ ಗಮನ ಸೆಳೆಯುವುದು ಅದಕ್ಕೂ ಮೊದಲು ನಡೆದ ಕೆಲಸ. ದಂಡೆಯ ಹಳ್ಳಿಗಳಿಗೆ ಹೋಗಿ, ಗುಡಿಯ ಮುಂದೆ, ಕಟ್ಟೆಯ ಮೇಲೆ ಜನರನ್ನು ಕೂರಿಸಿ ಮಾತನಾಡದೆ ಇಷ್ಟು ವಂತಿಗೆ ಕೂಡದು. ಪಕ್ಕದವನು ಕೊಡುವನೇ, ನೀರು ನನ್ನ ಹೊಲದವರೆಗೆ ಬಂದೀತೇ, ಪ್ರವಾಹಕ್ಕೆ ಕೊಚ್ಚಿಹೋದರೆ ಹಣಕ್ಕೆ ಯಾರು ಹೊಣೆ? ರೈತನ ಇಂಥ ಪ್ರಶ್ನೆಗೆ ಕರಪತ್ರ ಉತ್ತರ ಕೊಡಲಾರದು. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೋ ಫ್ರೇರೆ 1969ರಲ್ಲಿ ಚಿಲಿ ದೇಶದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎತ್ತಿದ್ದು ಇದೇ ವಿಷಯವನ್ನು. ಕೃಷಿ ಅಧಿಕಾರಿ ತನ್ನ ತಿಳಿವಳಿಕೆಯನ್ನು ರೈತನ ತಲೆಗೆ ತುಂಬುವುದು ಸಂವಹನವಲ್ಲ, ಇಬ್ಬರೂ ಕೂತು ಯೋಚಿಸಿದರೆ ಮಾತ್ರ ಅದು ಸಂವಹನ ಎಂಬುದು ಅವರ ವಾದ. ಅದನ್ನು ಓದದೆಯೂ ಪಡಸಲಗಿಯ ರೈತರು ಅದನ್ನು ಮಾಡಿ ತೋರಿಸಿದರು.

'ಬ್ಯಾರೇಜ್ ಸಿದ್ದು' ಎಂದೇ ಹೆಸರಾದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು, ಕೇಂದ್ರದಲ್ಲಿ ಸಚಿವರೂ ಆದರು. ಜಮಖಂಡಿಯ ಶಾಸಕರಾಗಿದ್ದಾಗಲೇ 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜು ಮಾತ್ರ ಅವರ ರಾಜಕೀಯದೊಂದಿಗೆ ಮುಗಿಯಲಿಲ್ಲ. ನದಿ ಬತ್ತಿದಾಗ ಆಲಮಟ್ಟಿಯ ಹಿನ್ನೀರನ್ನು ಪಂಪಿನಿಂದ ಎತ್ತಿ ಅದನ್ನು ತುಂಬಿಸುವ ಕೆಲಸಕ್ಕೂ ರೈತರು ಮತ್ತೆ ವಂತಿಗೆ ಕೂಡಿಸಿದ್ದಾರೆ.

ಇದೇ ನದಿಯ ಇನ್ನೊಂದು ಕಥೆ ಆಲಮಟ್ಟಿಯದು. ಅಲ್ಲಿ ಜನರಿಗೆ ಮಾತು ತಲುಪಿದ್ದು ನೋಟೀಸಿನ ರೂಪದಲ್ಲಿ. ಹಳೆಯ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು. 519.6 ಮೀಟರ್ ಇರುವ ನೀರಿನ ಮಟ್ಟವನ್ನು 524.256ಕ್ಕೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಅಂದಿನಿಂದ ಮುಳುಗುವ ಹಳ್ಳಿಗಳ ಜನ ಮನೆಗೆ ಹೊಸ ಮಾಡು ಹಾಕಿಸಲೋ ಬೇಡವೋ ಎಂಬ ಗೊಂದಲದಲ್ಲಿದ್ದಾರೆ. ದೊಡ್ಡ ಅಣೆಕಟ್ಟನ್ನು ವಂತಿಗೆಯಿಂದ ಕಟ್ಟಲಾಗದು, ನಿಜ. ಆದರೆ ಮುಳುಗುವವನೊಡನೆ ಮೊದಲೇ ಕೂತು ಮಾತನಾಡಲು ಕೋಟಿಗಳು ಬೇಕಿರಲಿಲ್ಲ.

ಹಾಗೆಂದು ಪಡಸಲಗಿಯ ಕಥೆಯನ್ನು ಪೂರ್ತಿ ಹಾಲು-ಜೇನು ಎಂದು ನಾವು ಬರೆಯಲಾರೆವು. ಇಂಥ ನೀರಿನ ಸಭೆಗಳಲ್ಲಿ ಮಾತು ನಡೆಯುವುದು ಹೊಲವಿದ್ದವನದು. ಕೂಲಿಯವರ, ಹೆಂಗಸರ, ನೇಕಾರರ ದನಿ ಅಲ್ಲಿ ಕೇಳುವುದು ಕಡಿಮೆ. ನೀರು ಬಂದಂತೆ ಕಬ್ಬೂ ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳೂ ಬಂದವು. ಹರಿಸಿದ್ದೇ ಹರಿಸಿ ಎರೆಭೂಮಿ ಸವಳು-ಜವಳಾದ ಹೊಲಗಳು ಈಗ ಜಮಖಂಡಿ, ಮುಧೋಳ, ತೇರದಾಳದ ಸೀಮೆಯಲ್ಲಿವೆ. ಅದಕ್ಕೆ ಬಸಿಗಾಲುವೆ ತೋಡಬೇಕು. ಒಬ್ಬನ ಹೊಲದಲ್ಲಿ ತೋಡಿದರೆ ಪ್ರಯೋಜನವಿಲ್ಲ. ಅವನ ಹೊಲದ ಉಪ್ಪುನೀರು ಹಳ್ಳ ಸೇರಲು ಕೆಳಗಿನ ಹೊಲದವನೂ, ಅವನ ಕೆಳಗಿನವನೂ ದಾರಿ ಬಿಡಬೇಕು.